ಬಾಣಲೆ ಹಿಡಿದ ಒಂಬತ್ತು ವರ್ಷದ ಹುಡುಗಿ ನನ್ನ ಹೀರೋಯಿನ್

ಟೀನೇಜ್ ಮಕ್ಕಳಿಗೆ ಅಂತ ಬರೆದ ಫ್ಯಾಂಟಸಿ ಸರಣಿಯ ನಾಯಕಿ ಅಂದ್ರೆ ನಿಮಗೆ ಹುಚ್ಚು, ವಯಸ್ಸು ಮೂವತ್ತು ದಾಟಿದೆ, ಮನೆಯವರು ನಗ್ತಾರೆ, "ನಿಮಗೂ ಹೀಗೆ ಯಾರಾದ್ರೂ ಇದ್ದಾರಾ, ಇದ್ದರೆ ಅವಳಲ್ಲಿ ಅಂಥದ್ದೇನಿದೆ?" ಅಂತ ಕೇಳಿದ್ದೀರಿ.

ಇದ್ದಾಳೆ. ನನ್ನ ವಯಸ್ಸು ನಿಮಗಿಂತ ಜಾಸ್ತಿ, ಹುಚ್ಚೂ ಬಹುಶಃ ಜಾಸ್ತಿಯೇ. ಅವಳ ಹೆಸರು ಟಿಫನಿ ಏಕಿಂಗ್. ನಮ್ಮಮ್ಮ ಆ ಹೆಸರು ಕೇಳಿ "ಟಿಫನ್ ಮಾಡೋಳಾ?" ಅಂದಿದ್ದರು. ಪೂರ್ತಿ ತಪ್ಪೇನಲ್ಲ. ಹುಡುಗಿ ಬೆಣ್ಣೆ ಕಡೆಯುತ್ತಾಳೆ, ಚೀಸ್ ಮಾಡ್ತಾಳೆ, ಅದರಲ್ಲಿ ಎತ್ತಿದ ಕೈ. ಜೊತೆಗೆ ಮಾಟಗಾತಿ.

ಬರೆದವರು ಇಂಗ್ಲೆಂಡಿನ ಟೆರಿ ಪ್ರಾಚೆಟ್. ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ. ಈ 'ಡಿಸ್ಕ್‌ವರ್ಲ್ಡ್' ಬಗ್ಗೆ ಅವರು ಬರೆದ ಕಾದಂಬರಿಗಳು 41. ಭೂಮಿ ಹೊರುವ ಆನೆಗಳ ಕತೆ ಕೇಳಿ ಬೆಳೆದ ನಮಗೆ ಅದೇನೂ ವಿಚಿತ್ರ ಅನ್ನಿಸಲ್ಲ ಬಿಡಿ. ಆ 41ರಲ್ಲಿ ಐದು ಟಿಫನಿಯವು: 'ದಿ ವೀ ಫ್ರೀ ಮೆನ್' (2003), 'ಎ ಹ್ಯಾಟ್ ಫುಲ್ ಆಫ್ ಸ್ಕೈ' (2004), 'ವಿಂಟರ್‌ಸ್ಮಿತ್' (2006), 'ಐ ಶಲ್ ವೇರ್ ಮಿಡ್‌ನೈಟ್' (2010), 'ದಿ ಶೆಪರ್ಡ್ಸ್ ಕ್ರೌನ್' (2015). ಉಳಿದ 36 ಓದದೆಯೂ ಈ ಐದನ್ನು ಓದಬಹುದು.

ನಾನು ಮಾರುಹೋಗಿದ್ದು ಮೊದಲನೆಯ ಪುಸ್ತಕದ ಶುರುವಿನಲ್ಲೇ. ಟಿಫನಿಗೆ ಆಗ ಒಂಬತ್ತು ವರ್ಷ. ಅಂಟಂಟು ಕೈಯ ಪುಟ್ಟ ತಮ್ಮನನ್ನು ಕರೆದುಕೊಂಡು ಹೊಳೆ ಹತ್ತಿರ ಇರ್ತಾಳೆ. ನೀರಿನಿಂದ ಒಂದು ರಾಕ್ಷಸಿ ಏಳುತ್ತದೆ. ಟಿಫನಿ ತಮ್ಮನನ್ನು ಎಳೆದುಕೊಂಡು ಮನೆಗೆ ಓಡುತ್ತಾಳೆ. ಇಲ್ಲಿಯವರೆಗೆ ಎಲ್ಲಾ ಮಕ್ಕಳೂ ಮಾಡುವುದೇ. ಆಮೇಲೆ ಅವಳು ಮಾಡುವುದು ಬೇರೆ. ಕಿನ್ನರಿ ಕತೆಗಳ ಪುಸ್ತಕ ತೆಗೆದು ಆ ರಾಕ್ಷಸಿ ಯಾವುದು ಅಂತ ಹುಡುಕುತ್ತಾಳೆ. ಕಣ್ಣು ಸೂಪ್ ಬಟ್ಟಲಿನಷ್ಟು ದೊಡ್ಡದು ಅಂತ ಅಲ್ಲಿ ಬರೆದಿರುತ್ತದೆ. ಅಡುಗೆಮನೆಗೆ ಹೋಗಿ ಸೂಪ್ ಬಟ್ಟಲನ್ನು ಅಳೆಯುತ್ತಾಳೆ. ಎಂಟು ಇಂಚು. ಲೆಕ್ಕ ಸರಿಹೋಯಿತು. ಉದ್ದ ಹಿಡಿಯ ಕಬ್ಬಿಣದ ಬಾಣಲೆ ಎತ್ತಿಕೊಳ್ಳುತ್ತಾಳೆ, ಒಂದು ಪೊಟ್ಟಣ ಮಿಠಾಯಿ ತೆಗೆದುಕೊಳ್ಳುತ್ತಾಳೆ, ತಮ್ಮನನ್ನು ಹೊಳೆ ದಂಡೆಯಲ್ಲಿ ಕೂರಿಸುತ್ತಾಳೆ. ಎರೆಯಾಗಿ! ರಾಕ್ಷಸಿ ಮತ್ತೆ ಏಳುತ್ತದೆ, ಟಿಫನಿ ಬಾಣಲೆ ಬೀಸುತ್ತಾಳೆ.

ತಮ್ಮನನ್ನು ಎರೆ ಮಾಡುವ ನಾಯಕಿ! ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ನಕ್ಕಿದ್ದೆ.

ಈ ಹುಡುಗಿ ಹುಟ್ಟುವಾಗ ಯಾವ ಭವಿಷ್ಯವಾಣಿಯೂ ಆಗಿರಲಿಲ್ಲ. ಹಣೆಯಲ್ಲಿ ಮಚ್ಚೆಯಿಲ್ಲ, ಗುಟ್ಟಾಗಿಟ್ಟ ರಾಜವಂಶವಿಲ್ಲ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಡಿಕ್ಷನರಿಯನ್ನು ಮೊದಲ ಪುಟದಿಂದ ಕೊನೆವರೆಗೆ ಓದಿದ್ದಾಳೆ, ಯಾಕಂದ್ರೆ ಅದನ್ನು ಹಾಗೆ ಓದಬಾರದು ಅಂತ ಯಾರೂ ಹೇಳಿರಲಿಲ್ಲ. ಮಾಟಗಾತಿ ಆಗಬೇಕು ಅಂತ ಅವಳೇ ತೀರ್ಮಾನ ಮಾಡ್ತಾಳೆ. ಅದಕ್ಕೆ ಕಾರಣ ಇದೆ, ಆ ಕಾರಣಕ್ಕೇ ನಾನು ಅವಳ ಕಟ್ಟಾ ಅಭಿಮಾನಿ.

ಅವರ ಊರಲ್ಲಿ ಮಿಸೆಸ್ ಸ್ನ್ಯಾಪರ್ಲಿ ಅಂತ ಒಬ್ಬಳು ಮುದುಕಿ ಇದ್ದಳು. ಒಂಟಿ. ಹಲ್ಲಿಲ್ಲ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು, ಒಂದು ಬೆಕ್ಕಿತ್ತು. ಊರಿನ ಒಡೆಯ ಬ್ಯಾರನ್ನನ ಮಗ ಕಾಣೆಯಾದಾಗ ಜನ ಇವಳದೇ ಕೆಲಸ ಅಂದರು. ಮನೆ ಹಾಳುಮಾಡಿದರು, ಬೆಕ್ಕನ್ನು ಕೊಂದರು. ಯಾರೂ ಮನೆಯೊಳಗೆ ಸೇರಿಸಲಿಲ್ಲ. ಚಳಿಗಾಲದಲ್ಲಿ ಮುದುಕಿ ಹಿಮದಲ್ಲಿ ಸತ್ತಳು. ಟಿಫನಿ ತನ್ನ ಕತೆ ಪುಸ್ತಕ ತೆಗೆದು ನೋಡ್ತಾಳೆ. ಅಲ್ಲಿ 'ದುಷ್ಟ ಮುದುಕಿ' ಅಂತ ಬರೆದಿದೆಯೇ ಹೊರತು, ದುಷ್ಟತನಕ್ಕೆ ಸಾಕ್ಷಿ ಎಲ್ಲೂ ಇಲ್ಲ. ಹಾಗಾದ್ರೆ ನಾನೇ ಮಾಟಗಾತಿ ಆಗ್ತೀನಿ, ಇಂಥದ್ದು ಇನ್ನೊಮ್ಮೆ ನಡೆಯಬಾರದು, ಅಂತ ಒಂಬತ್ತು ವರ್ಷದ ಹುಡುಗಿ ನಿರ್ಧಾರ ಮಾಡ್ತಾಳೆ. ಮಾಟಗಾತಿ ಅಂತ ಒಂಟಿ ಹೆಂಗಸರನ್ನು ಹೊಡೆದು ಸಾಯಿಸುವ ಸುದ್ದಿ ನಮ್ಮ ದೇಶದ ಪೇಪರುಗಳಲ್ಲಿ ಇವತ್ತಿಗೂ ಬರುತ್ತದೆ. ಇದನ್ನು ಸುಮ್ನೆ ಮಕ್ಕಳ ಕತೆ ಅಂತ ಪಕ್ಕಕ್ಕಿಡೋಕೆ ನನಗಂತೂ ಆಗಲಿಲ್ಲ.

ಆಮೇಲೆ ಪರಿಲೋಕದ ರಾಣಿ ಬಂದು ತಮ್ಮನನ್ನು ಕದ್ದುಕೊಂಡು ಹೋಗ್ತಾಳೆ. ಟಿಫನಿ ಹುಡುಕಿಕೊಂಡು ಹೊರಡುತ್ತಾಳೆ. ಅವಳಿಗೆ ತಮ್ಮ ಅಂದ್ರೆ ಅಷ್ಟಕ್ಕಷ್ಟೇ, ಇದನ್ನು ಅವಳು ತನಗೆ ತಾನೇ ಒಪ್ಪಿಕೊಳ್ಳುತ್ತಾಳೆ. ಆದರೂ ಹೋಗ್ತಾಳೆ. ಅವನು ನನ್ನವನು, ಈ ಕುರಿಗಳು ನನ್ನವು, ಈ ಗುಡ್ಡ ನನ್ನದು, ನನ್ನದನ್ನು ಮುಟ್ಟೋಕೆ ನೀನ್ಯಾರು? ಸ್ವಾರ್ಥವನ್ನು ಇಷ್ಟು ಅಗಲ ಮಾಡಿದರೆ ಅದರೊಳಗೆ ಇಡೀ ಊರು ಹಿಡಿಸುತ್ತದೆ. ಪ್ರೀತಿಯಿಂದ ಉಕ್ಕಿ ಹರಿಯುವ ನಾಯಕಿಯರನ್ನು ನಾನು ಬೇಕಾದಷ್ಟು ಓದಿದ್ದೆ. ಪ್ರೀತಿ ಬರದಿದ್ದರೂ ಕರ್ತವ್ಯ ಬಿಡದವಳನ್ನು ನೋಡಿದ್ದು ಇಲ್ಲೇ. ಮನೆಯಲ್ಲಿ ಹಿರಿಮಗಳಾಗಿ ಹುಟ್ಟಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ಅವಳ ಜೊತೆಗಾರರ ಬಗ್ಗೆ ಹೇಳದಿದ್ದರೆ ಅಭಿಮಾನಿಗಳು ನನ್ನನ್ನು ಬಿಡಲ್ಲ. ನ್ಯಾಕ್ ಮ್ಯಾಕ್ ಫೀಗಲ್ ಅಂತ ಆರಿಂಚು ಎತ್ತರದ ಜನ. ನೀಲಿ ಮೈ, ಕೆಂಪು ಕೂದಲು. ಕದಿಯೋದು, ಕುಡಿಯೋದು, ಹೊಡೆದಾಡೋದು ಇಷ್ಟೇ ಕೆಲಸ. ಯಾರಿಗೂ ಹೆದರಲ್ಲ, ವಕೀಲರಿಗೆ ಮಾತ್ರ ಹೆದರುತ್ತಾರೆ. ತಾವು ಈಗಾಗಲೇ ಸತ್ತಿದ್ದೇವೆ, ಇದೇ ಸ್ವರ್ಗ ಅಂತ ಅವರ ನಂಬಿಕೆ. ಇಷ್ಟೊಂದು ಕುರಿ, ಇಷ್ಟೊಂದು ಹೆಂಡ, ಇಷ್ಟೊಂದು ಜಗಳ ಇರುವ ಜಾಗ ಇನ್ನೇನಾಗಿರೋಕೆ ಸಾಧ್ಯ? ಅವರ ಕುಲದ ತಾಯಿ ಸಾಯುವಾಗ ಟಿಫನಿಯನ್ನು ತಾತ್ಕಾಲಿಕ ಯಜಮಾನಿ ಮಾಡುತ್ತಾಳೆ. ಪದ್ಧತಿ ಪ್ರಕಾರ ಯಜಮಾನಿ ಅವರಲ್ಲೊಬ್ಬನನ್ನು ಮದುವೆಯಾಗಬೇಕು, ದಿನ ಗೊತ್ತುಮಾಡೋದು ಹುಡುಗಿಯ ಹಕ್ಕು. ಟಿಫನಿ ಅವರ ಮನಸ್ಸು ನೋಯಿಸಲ್ಲ. ಹೀಗೆ ಮುಹೂರ್ತ ಇಡುತ್ತಾಳೆ: ಲೋಕದ ಕೊನೆಯಲ್ಲಿ ಒಂದು ದೊಡ್ಡ ಕಲ್ಲುಬೆಟ್ಟ ಇದೆ, ವರ್ಷಕ್ಕೊಂದು ಸಲ ಒಂದು ಪುಟ್ಟ ಹಕ್ಕಿ ಬಂದು ಅದಕ್ಕೆ ಕೊಕ್ಕು ಉಜ್ಜಿ ಹೋಗುತ್ತದೆ, ಬೆಟ್ಟ ಸವೆದು ಮರಳಿನ ಕಾಳಾದ ದಿನ ಮದುವೆ. ಹುಡುಗನ ಮುಖದಲ್ಲೂ ನೆಮ್ಮದಿ! ನಮ್ಮ ಬೌದ್ಧ ಗ್ರಂಥಗಳಲ್ಲಿ ಕಲ್ಪದ ಲೆಕ್ಕವನ್ನು ಹೀಗೇ ಹೇಳುತ್ತಾರೆ. ನೂರು ವರ್ಷಕ್ಕೊಮ್ಮೆ ಕಾಶಿಯ ನಯವಾದ ಬಟ್ಟೆಯಿಂದ ಬೆಟ್ಟ ಒರೆಸಿದರೂ, ಬೆಟ್ಟ ಸವೆದುಹೋದೀತು, ಕಲ್ಪ ಮುಗಿಯಲ್ಲ ಅಂತ. ಮದುವೆ ಮುಂದೂಡೋಕೆ ಅದನ್ನು ಬಳಸಿದವಳು ಮಾತ್ರ ಇವಳೊಬ್ಬಳೇ ಇರಬೇಕು.

ಎರಡನೆಯ ಪುಸ್ತಕ ನನಗೆ ಎಲ್ಲಕ್ಕಿಂತ ಹತ್ತಿರ. ಟಿಫನಿಗೆ ಹನ್ನೊಂದು. ಮಾಟ ಕಲಿಯಲು ಬೆಟ್ಟದ ಊರಿಗೆ ಹೋಗ್ತಾಳೆ. ಅಲ್ಲಿ ಕಲಿಯೋದು ಏನು? ಮನೆ ಮನೆ ಸುತ್ತುವುದು. ಮುದುಕರ ಕಾಲುಗುರು ಕತ್ತರಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹೆರಿಗೆ ಮಾಡಿಸುವುದು, ಹೆಣ ತೊಳೆಯುವುದು. ಮಂತ್ರ ತುಂಬಾ ಕಮ್ಮಿ. ಸಾಧ್ಯವಿದ್ದಾಗಲೂ ಮಾಟ ಮಾಡದೆ ಕೈಯಿಂದಲೇ ಕೆಲಸ ಮುಗಿಸುವುದು ನಿಜವಾದ ವಿದ್ಯೆ. ಅಲ್ಲಿ ಮಿಸ್ಟರ್ ವೀವಾಲ್ ಅಂತ ಒಬ್ಬ ಮುದುಕ ಬರುತ್ತಾನೆ. ತನ್ನ ಮಣ್ಣಿನ ಖರ್ಚಿಗೆ ಅಂತ ಒಂದು ಪೆಟ್ಟಿಗೆಯಲ್ಲಿ ಕಾಸು ಕೂಡಿಟ್ಟು ದಿನಾ ಅದರದ್ದೇ ಮಾತು. ಆ ಪೆಟ್ಟಿಗೆಗೆ ಏನಾಗುತ್ತದೆ, ಮುದುಕ ಕೊನೆಗೆ ಆ ದುಡ್ಡನ್ನು ಯಾವುದಕ್ಕೆ ಬಳಸುತ್ತಾನೆ ಅಂತ ಹೇಳಲ್ಲ. ಆ ಪುಟದಲ್ಲಿ ಅಳದವರು ನನ್ನ ಗೆಳೆಯರ ಪಟ್ಟಿಯಲ್ಲಿಲ್ಲ.

ನಮ್ಮಜ್ಜಿ ಹಾಸಿಗೆ ಹಿಡಿದಿದ್ದಾಗ ಈ ಪುಸ್ತಕವನ್ನು ಮತ್ತೆ ಓದಿದ್ದೆ. ಮಗ್ಗುಲು ಬದಲಿಸೋದು, ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳೋದು, ಗಂಜಿ ಕುಡಿಸೋದು. ಮಧ್ಯರಾತ್ರಿ ಅಜ್ಜಿ ನನ್ನನ್ನು ಯಾರೋ ಅಂದುಕೊಂಡು ಬೈಯುತ್ತಿದ್ದರು. ಇದೆಲ್ಲಾ ಮನೆಯ ಹೆಣ್ಣುಮಕ್ಕಳು ಮಾಡಲೇಬೇಕಾದ ಕೆಲಸ, ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಅಂತ ನಮ್ಮ ಸಮಾಜದ ಲೆಕ್ಕ. ಪ್ರಾಚೆಟ್ ಲೆಕ್ಕದಲ್ಲಿ ಊರು ನಿಂತಿರುವುದೇ ಈ ಕೆಲಸದ ಮೇಲೆ, ಮಾಡುವವಳಿಗೆ ಮಾಟಗಾತಿಯ ಚೂಪು ಟೋಪಿ ಸಲ್ಲಬೇಕು. ಅದು ನನಗೆ ಆಗ ದೊಡ್ಡ ಆಸರೆಯಾಗಿತ್ತು.

ಟಿಫನಿಯ ಅಜ್ಜಿಯದೂ ಒಂದು ಪಾತ್ರ ಇದೆ. ಕತೆ ಶುರುವಾಗುವ ಹೊತ್ತಿಗೇ ಸತ್ತುಹೋಗಿರುತ್ತಾಳೆ, ಆದರೂ ಐದೂ ಪುಸ್ತಕ ತುಂಬಾ ಇರುತ್ತಾಳೆ. ಗುಡ್ಡದ ಮೇಲೆ ಚಕ್ರದ ಗುಡಿಸಲಿನಲ್ಲಿ ಎರಡು ನಾಯಿಗಳ ಜೊತೆ ಇದ್ದವಳು. ಮಾತು ಕಮ್ಮಿ, ತಂಬಾಕು ಜಾಸ್ತಿ. ಆ ಸೀಮೆಯಲ್ಲಿ ಕುರಿ ಕಾಯುವವರನ್ನು ಹೂಳುವಾಗ ಜೊತೆಗೆ ಒಂದು ತುಂಡು ಉಣ್ಣೆ ಇಡುತ್ತಾರೆ. ಇವನು ಕುರಿಗಾಹಿ, ಮರಿ ಹಾಕುವ ಕಾಲದಲ್ಲಿ ಚರ್ಚಿಗೆ ಬರೋಕೆ ಪುರುಸೊತ್ತಿರಲಿಲ್ಲ, ಕ್ಷಮಿಸಿಬಿಡಿ ಅಂತ ದೇವರಿಗೆ ಗೊತ್ತಾಗಲಿ ಅಂತ. ಅಜ್ಜಿಯನ್ನು ಮಣ್ಣುಮಾಡಿ ಗುಡಿಸಲನ್ನು ಸುಡುತ್ತಾರೆ. ಕಬ್ಬಿಣದ ಚಕ್ರಗಳು, ಒಲೆ ಮಾತ್ರ ಉಳಿಯುತ್ತವೆ. ಓದುವಾಗ ಆ ಚಕ್ರಗಳನ್ನು ನೆನಪಿಟ್ಟುಕೊಳ್ಳಿ. ಆ ಗುಡ್ಡಗಾಡು ಪ್ರಾಚೆಟ್ ಬದುಕಿದ ವಿಲ್ಟ್‌ಶೈರ್ ಕಡೆಯ ಸುಣ್ಣಕಲ್ಲಿನ ದಿಣ್ಣೆಗಳದ್ದೇ ಪಡಿಯಚ್ಚು.

ಮೂರನೆಯದು ಸ್ವಲ್ಪ ಎಳೆದ ಹಾಗಿದೆ, ಚಳಿಗಾಲದ ದೇವತೆ ಹುಡುಗಿಯನ್ನು ಇಷ್ಟಪಡುವ ಕತೆ. ಅದರಲ್ಲಿ ಬರುವ ಮಿಸ್ ಟ್ರೀಸನ್ ಅನ್ನೋ ಕುರುಡಿ ಮುದುಕಿಗಾಗಿ ಓದಬೇಕು. ಊರೆಲ್ಲಾ ಅವಳಿಗೆ ಗಡಗಡ ನಡುಗುತ್ತದೆ. ಮನೆಯಲ್ಲಿರುವ ತಲೆಬುರುಡೆಗಳೆಲ್ಲ ತಮಾಷೆ ಸಾಮಾನಿನ ಅಂಗಡಿಯಿಂದ ತರಿಸಿದವು! ನಾಲ್ಕನೆಯದು ಕತ್ತಲೆ ಪುಸ್ತಕ. ಶುರುವಿನಲ್ಲೇ ಒಬ್ಬ ಅಪ್ಪ ಬಸುರಿ ಮಗಳನ್ನು ಹೊಡೆದಿರುತ್ತಾನೆ. ಆ ಹುಡುಗಿಗೆ ಹದಿಮೂರು. ಟಿಫನಿಗೆ ಇನ್ನೂ ಹದಿನಾರು ತುಂಬಿಲ್ಲ, ಅಲ್ಲಿ ಹೋಗಿ ನಿಲ್ಲಬೇಕಾದವಳು ಅವಳೇ. ಚಿಕ್ಕ ಮಕ್ಕಳಿಗೆ ಕೊಡುವ ಮುಂಚೆ ನೀವು ಓದಿ ನೋಡಿ.

ಇನ್ನು ಅಭಿಮಾನದ ವಿಷಯ. ತಮಗೆ ಆಲ್ಝೈಮರ್ಸ್‌ನ ಒಂದು ಅಪರೂಪದ ಬಗೆ ಬಂದಿದೆ ಅಂತ ಪ್ರಾಚೆಟ್ 2007ರ ಡಿಸೆಂಬರಿನಲ್ಲಿ ಹೇಳಿದರು. ಮುಂದಿನ ವರ್ಷ ಆ ರೋಗದ ಸಂಶೋಧನೆಗೆ ಹತ್ತು ಲಕ್ಷ ಡಾಲರ್ ಕೊಟ್ಟಾಗ, ಓದುಗರು ತಾವೂ ಅಷ್ಟೇ ದುಡ್ಡು ಕೂಡಿಸ್ತೀವಿ ಅಂತ ಹೊರಟರು. ಟೈಪ್ ಮಾಡೋಕೆ ಆಗದೆ, ಬಾಯಲ್ಲಿ ಹೇಳಿ ಬರೆಸುತ್ತಾ ಅವರು ಟಿಫನಿಯನ್ನು ದೊಡ್ಡವಳನ್ನಾಗಿ ಮಾಡಿದರು. 2015ರ ಮಾರ್ಚ್ 12ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ಪುಸ್ತಕ ಬಂದಿದ್ದು ಅದೇ ಆಗಸ್ಟಿನಲ್ಲಿ.

ಅವರ ಇನ್ನೊಂದು ಕಾದಂಬರಿಯಲ್ಲಿ ಗೋಪುರದಿಂದ ಗೋಪುರಕ್ಕೆ ಸಂದೇಶ ಕಳಿಸುವ ವ್ಯವಸ್ಥೆ ಇದೆ. ಸತ್ತ ಕೆಲಸಗಾರರ ಹೆಸರನ್ನು ಆ ಸಾಲಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಿಸುತ್ತಲೇ ಇರುತ್ತಾರೆ. ಪ್ರಾಚೆಟ್ ಹೋದ ಮೇಲೆ ಅಭಿಮಾನಿಗಳು ಇದನ್ನೇ ಇಂಟರ್ನೆಟ್ಟಿನಲ್ಲಿ ಮಾಡಿದರು. ವೆಬ್‌ಸೈಟ್ ತೆರೆದಾಗ ಪುಟದ ಜೊತೆ ಸರ್ವರ್ ಕಳಿಸುವ ಹೆಡರ್ ಅನ್ನೋ ಮಾಹಿತಿಯಲ್ಲಿ 'ಜಿಎನ್‌ಯು ಟೆರಿ ಪ್ರಾಚೆಟ್' ಅಂತ ಒಂದು ಸಾಲು ಸೇರಿಸೋದು. 'ಜಿಎನ್‌ಯು' ಅನ್ನೋದು ಕಾದಂಬರಿಯ ಆ ಗೋಪುರದವರ ಸಂಕೇತ, ಈ ಹೆಸರನ್ನು ಓಡಿಸುತ್ತಲೇ ಇರಿ ಅಂತ. ಪರದೆಯ ಮೇಲೆ ಕಾಣಿಸಲ್ಲ, ಹುಡುಕಿದವರಿಗೆ ಮಾತ್ರ ಸಿಗುತ್ತದೆ. ಹೊಟ್ಟೆಪಾಡಿಗೆ ನಾನು ಮಾಡೋದೂ ಸರ್ವರ್ ಕೆಲಸವೇ. ನನ್ನ ಸ್ವಂತ ಪುಟ್ಟ ಸೈಟಿನಲ್ಲಿ ಆ ಸಾಲು ಇದೆ. ಒಂದು ಸಲ ಬೆಂಗಳೂರಿನ ಕಾಮಿಕ್ಸ್ ಮೇಳಕ್ಕೆ ಚೂಪು ಟೋಪಿ ಹಾಕಿ, ಬಾಣಲೆ ಹಿಡಿದು ಹೋಗಿದ್ದೆ. ಗೇಟಿನಲ್ಲಿದ್ದ ಸೆಕ್ಯೂರಿಟಿಯಣ್ಣ "ಮೇಡಂ, ಫುಡ್ ಸ್ಟಾಲ್‌ನವರಿಗೆ ಹಿಂದಿನ ಗೇಟು" ಅಂದರು.

ಮುಗಿಸದೆ ಬಿಟ್ಟ ಬರಹಗಳಿದ್ದ ಪ್ರಾಚೆಟ್ ಅವರ ಹಾರ್ಡ್‌ಡಿಸ್ಕನ್ನು 2017ರ ಆಗಸ್ಟಿನಲ್ಲಿ ಡಾರ್ಸೆಟ್‌ನ ಒಂದು ಜಾತ್ರೆಯಲ್ಲಿ ಹಳೇ ಉಗಿ ರೋಲರ್ ಹತ್ತಿಸಿ ಪುಡಿಮಾಡಿದರು. ಅದು ಅವರದೇ ಆಸೆ. ಟಿಫನಿಯ ಆರನೆಯ ಪುಸ್ತಕ ಬರಲ್ಲ ಅಂತ ಅವತ್ತು ಖಚಿತವಾಯಿತು. ಬೇಜಾರಾಯಿತು, ಆದರೆ ಒಪ್ಪಿದೆ. ಬೇರೆ ಯಾರೋ ಬರೆದ ಟಿಫನಿ ನನಗೆ ಬೇಡ. ಕೊನೆಯ ಪುಸ್ತಕ ಓದಿದರೆ ಇನ್ನು ಓದದ ಪ್ರಾಚೆಟ್ ಉಳಿಯಲ್ಲ ಅಂತ ಅದನ್ನು ತೆರೆಯದೆ ಕಪಾಟಿನಲ್ಲಿ ಇಟ್ಟುಕೊಂಡ ಅಭಿಮಾನಿಗಳು ಬಹಳ ಇದ್ದಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ಓದಿದೆ. ದ್ವಿತೀಯಾರ್ಧ ತೆಳು, ಇದನ್ನು ಮುಚ್ಚಿಡಲ್ಲ. ಸಮಯ ಸಿಕ್ಕಿದ್ದರೆ ಅವರು ಇನ್ನೂ ತಿದ್ದುತ್ತಿದ್ದರು ಅಂತ ಪುಸ್ತಕದ ಕೊನೆಯಲ್ಲೇ ಬರೆದಿದ್ದಾರೆ. ಆದರೆ ಶುರುವಿನಲ್ಲಿ ಗ್ರ್ಯಾನಿ ವೆದರ್‌ವ್ಯಾಕ್ಸ್ ಅನ್ನೋ ಹಿರಿಯ ಮಾಟಗಾತಿ ಸಾಯುವ ಭಾಗ ಇದೆಯಲ್ಲ, ಅದರಲ್ಲಿ ಒಂದು ಪದ ಹೆಚ್ಚಿಲ್ಲ, ಕಮ್ಮಿಯಿಲ್ಲ. ತನ್ನ ಸಾವು ಬರೋದು ಗೊತ್ತಾದ ಮೇಲೆ ಮನೆಯನ್ನೆಲ್ಲ ತಿಕ್ಕಿ ತೊಳೆಯುತ್ತಾಳೆ, ತನ್ನನ್ನು ಹೂಳುವ ಬುಟ್ಟಿಯನ್ನು ತಾನೇ ಹೆಣೆಯುತ್ತಾಳೆ, ಬೇರೆಯವರಿಗೆ ಕೆಲಸ ಉಳಿಸಲ್ಲ.

ಮನೆಯವರು ನಗ್ತಾರೆ ಅಂದಿರಿ. ನಗಲಿ ಬಿಡಿ. ನಮ್ಮಲ್ಲಿ ಸಿನಿಮಾ ಹೀರೋ ಕಟೌಟಿಗೆ ಹಾಲು ಸುರಿಯುವವರಿಗೆ ಯಾರೂ ವಯಸ್ಸು ಕೇಳಲ್ಲ. ಓದೋದಾದ್ರೆ ಮೊದಲನೆಯದರಿಂದಲೇ ಶುರುಮಾಡಿ. ಫೀಗಲ್‌ಗಳ ಭಾಷೆ ಸ್ಕಾಟ್ಲೆಂಡಿನ ಕಡೆಯದು, ಮೊದಲು ಕಷ್ಟ ಆಗುತ್ತದೆ. ಗಟ್ಟಿಯಾಗಿ ಓದಿಕೊಂಡರೆ ತಾನಾಗೇ ಅರ್ಥ ಆಗುತ್ತದೆ. ಅದಿರಲಿ, ನಿಮ್ಮ ನಾಯಕಿ ಯಾರು ಅಂತ ನೀವು ಹೇಳಲೇ ಇಲ್ಲವಲ್ಲ?