ಲಕ್ಷಣ ಕಾಣಿಸಿಲ್ಲ ಅಂತ ಸುಮ್ಮನಿರಬೇಡಿ

ಪ್ರಶ್ನೆ: ನನಗೆ 36 ವರ್ಷ, ಮದುವೆಯಾಗಿದೆ. ಕೆಲಸಕ್ಕೆಂದು ಬೇರೆ ಊರಿಗೆ ಹೋದಾಗ ಕೆಲವು ಸಲ ಹಣ ಕೊಟ್ಟು ಲೈಂಗಿಕ ಸಂಪರ್ಕ ಮಾಡಿದ್ದೇನೆ. ಐದು ವಾರದ ಹಿಂದೆ ಹೀಗೆ ಹೋದಾಗ ಒಬ್ಬಾಕೆ ಕಾಂಡೋಮ್ ಬೇಕೇಬೇಕು ಅಂದಳು. ಜಾಸ್ತಿ ಹಣ ಕೊಡುತ್ತೇನೆಂದು ಹೇಳಿ ಒಪ್ಪಿಸಿದೆ. ನೋಡಲು ಆರೋಗ್ಯವಾಗಿಯೇ ಇದ್ದಳು. ನನಗೂ ಏನೂ ಆಗಿಲ್ಲ. ಈಗ ಹೆಂಡತಿ ಮಗು ಬೇಕು ಅನ್ನುತ್ತಿದ್ದಾಳೆ. ಟೆಸ್ಟ್ ಮಾಡಿಸಲೇಬೇಕಾ?

ಉತ್ತರ: ಮಾಡಿಸಲೇಬೇಕು. ಇದೇ ವಾರ ಹೋಗಿ.

ಮುಖ ನೋಡಿ ಸೋಂಕು ಗೊತ್ತಾಗುವುದಿಲ್ಲ. ಎಚ್‌ಐವಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಸಿಫಿಲಿಸ್ ಎಂಬ ಲೈಂಗಿಕ ರೋಗದ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತೇವೆ, ಸೋಂಕು ಒಳಗೇ ಉಳಿದಿರುತ್ತದೆ. ಅದು ಗರ್ಭಿಣಿಗೆ ತಗುಲಿದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಸಮಯಕ್ಕೆ ಗೊತ್ತಾದರೆ ಪೆನಿಸಿಲಿನ್‌ನಿಂದ ಗುಣವಾಗುವ ಕಾಯಿಲೆ ಇದು.

ಎಚ್‌ಐವಿ, ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾ, ಹೆಪಟೈಟಿಸ್ ಬಿ, ಎಲ್ಲದಕ್ಕೂ ಪರೀಕ್ಷೆ ಕೇಳಿ. ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿ. ಅವರಿಗೆ ಇದು ಹೊಸ ವಿಷಯವಲ್ಲ. ಈಗ ನೆಗೆಟಿವ್ ಬಂದರೂ ಆ ಸಂಪರ್ಕವಾಗಿ 3 ತಿಂಗಳು ತುಂಬಿದ ಮೇಲೆ ಎಚ್‌ಐವಿ, ಸಿಫಿಲಿಸ್‌ಗೆ ಇನ್ನೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಹೆಂಡತಿಯ ಜೊತೆ ಕಾಂಡೋಮ್ ಬೇಕು, ಮಗುವಿನ ಯೋಚನೆ ಮುಂದಕ್ಕೆ ಹೋಗಲಿ. ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಜಾಸ್ತಿ ಹಣದ ಮಾತು. ಆಕೆ ನಿಮ್ಮಿಬ್ಬರನ್ನೂ ಕಾಪಾಡಲು ನೋಡಿದಳು. ಆಕೆಗೆ ಹಣದ ಅಗತ್ಯ ಎಷ್ಟಿತ್ತೋ ಏನೋ, ನೀವು ಅದನ್ನೇ ಹಿಡಿದು ಬಗ್ಗಿಸಿದಿರಿ. ಮತ್ತೆ ಹೀಗೆ ಮಾಡಬೇಡಿ. ಹೋಗುವುದಾದರೆ ಕಾಂಡೋಮ್ ನಿಮ್ಮ ಜೇಬಿನಲ್ಲಿರಲಿ, ಬಾಯಿಯ ಸಂಪರ್ಕಕ್ಕೂ ಬಳಸಿ. ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಕಾಂಡೋಮ್‌ನ ರಬ್ಬರ್ (ಲೇಟೆಕ್ಸ್) ಹರಿಯುತ್ತದೆ, ನೀರಿನಂಶದ ಜೆಲ್ ಸಾಕು. ಹರಿದರೆ ಐದು ವಾರ ಕಾಯಬೇಡಿ. 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಎಚ್‌ಐವಿ ತಡೆ ಮಾತ್ರೆಗಳಿವೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಕೊಳ್ಳಿ.

ಇನ್ನು ಹೆಂಡತಿಗೆ ಹೇಳುವ ವಿಷಯ. ಈ ಐದು ವಾರದಲ್ಲಿ ಕಾಂಡೋಮ್ ಇಲ್ಲದೆ ಸೇರಿದ್ದೀರಾ? ಹಾಗಿದ್ದರೆ ಅವರಿಗೂ ಪರೀಕ್ಷೆ ಬೇಕು. ಯಾಕೆ ಅಂತ ಕೇಳುತ್ತಾರೆ, ಸುಳ್ಳು ಹೇಳಬೇಡಿ. ಒಬ್ಬರೇ ಹೇಳಲು ಧೈರ್ಯ ಸಾಲದಿದ್ದರೆ ಆಪ್ತ ಸಮಾಲೋಚಕರ ಮುಂದೆ ಕೂತು ಹೇಳಿ. ಹೆಂಡತಿ ಸಿಟ್ಟಾಗುತ್ತಾರೆ, ಅಳುತ್ತಾರೆ. ನೀವು ಎದ್ದು ಹೋಗಬೇಡಿ.