ಪ್ರತಿಕ್ರಿಯೆ: ಆರ್‌ಪಿಎಂ ಇಳಿಸಿದ್ದಕ್ಕೇ ಬೌಟಿಸ್ಟಾ ಸೋತರಾ?

ನಮಸ್ಕಾರ. 2019ರ ವರ್ಲ್ಡ್ ಸೂಪರ್‌ಬೈಕ್ ಬೈಕ್ ರೇಸ್ ಸರಣಿಯಲ್ಲಿ ಡುಕಾಟಿ ಬೈಕಿನ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದು) ಮಿತಿ ಇಳಿಸಿದ್ದರಿಂದಲೇ ಡುಕಾಟಿ ಸವಾರ ಬೌಟಿಸ್ಟಾ ಕೈಯಿಂದ ಚಾಂಪಿಯನ್‌ಷಿಪ್ ಜಾರಿತಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲ.

ಆ ವರ್ಷ ಡುಕಾಟಿಯ ಹೊಸ ಪಾನಿಗಾಲೆ ವಿ4 ಆರ್ ಬೈಕ್ ಮೇಲೆ ಅವರು ಸಾಲಾಗಿ ಮೊದಲ 11 ರೇಸ್ ಗೆದ್ದರು. ಮಿತಿ 16,350ರಿಂದ 16,100ಕ್ಕೆ ಇಳಿದದ್ದು ಅರಗಾನ್ ಟ್ರ್ಯಾಕ್‌ನ ಸುತ್ತು ಆದಮೇಲೆ, ಅಂದರೆ 9 ಗೆಲುವಿನ ನಂತರ. ಮುಂದಿನ ಸುತ್ತು ಆಸೆನ್. ಅಲ್ಲಿ ನಡೆದ ಎರಡೂ ರೇಸ್ ಅವರೇ ಗೆದ್ದರು! 250 ಆರ್‌ಪಿಎಂ ಕಡಿಮೆಯಾದರೆ ಉದ್ದದ ನೇರ ಹಾದಿಯ ಕೊನೆಯಲ್ಲಿ ಸ್ವಲ್ಪ ವೇಗ ಹೋಗುತ್ತೆ, ಅಷ್ಟೇ. ತಿರುವಿನಲ್ಲಿ ಮುಂದಿನ ಟೈರ್ ಜಾರೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೆರೆಸ್ ಸುತ್ತಿನಿಂದ ಲಗುನಾ ಸೆಕಾ ಸುತ್ತಿನವರೆಗೆ ಅವರು ಮತ್ತೆ ಮತ್ತೆ ಬಿದ್ದರು. ಕವಾಸಾಕಿ ಸವಾರ ಜೊನಾಥನ್ ರೇ ಮಾತ್ರ ಸತತವಾಗಿ ಅಂಕ ಕೂಡಿಸುತ್ತಾ ಹೋದರು. ಪ್ರಶಸ್ತಿ ಹೋದದ್ದು ಅಲ್ಲೇ.

ರೇ ಅವರ ಕವಾಸಾಕಿಗೂ 2018ರಲ್ಲಿ 14,100ರ ಮಿತಿ ಬಿದ್ದಿತ್ತು, ಆದರೂ ಅವರೇ ಚಾಂಪಿಯನ್ ಆದರು.

ಸಮಬಲಕ್ಕಾಗಿ 2024ರಲ್ಲಿ ತಂದ ತೂಕದ ನಿಯಮ ಬೇರೆ ಥರ. ಹಗುರ ಸವಾರನ ಬೈಕಿಗೆ ಹೆಚ್ಚುವರಿ ಭಾರ ಕಟ್ಟಿದರೆ ಬ್ರೇಕ್ ಹಿಡಿದಾಗ, ತಿರುವಿಗೆ ವಾಲಿದಾಗ, ಪ್ರತಿ ಲ್ಯಾಪ್‌ನಲ್ಲೂ ಅದು ಗೊತ್ತಾಗುತ್ತೆ. ಹಗುರ ಮೈಯ ಬೌಟಿಸ್ಟಾಗೆ ನಿಜವಾಗಿ ಜಾಸ್ತಿ ಬಾಧಿಸಿದ್ದು ಇದೇ ಇರಬೇಕು. ಹಾಗಂತ ರೇಸ್‌ಗಳು ಸಮಬಲವಾದವಾ? ಅದೂ ಇಲ್ಲ. ಆ ವರ್ಷ ಬಿಎಂಡಬ್ಲ್ಯು ಬೈಕ್ ಮೇಲೆ ಇನ್ನೊಬ್ಬ ಸವಾರ ತೊಪ್ರಾಕ್ ಸತತ 13 ರೇಸ್ ಗೆದ್ದರು, ಅಲ್ವಾ?