ಬುಲಕ್‌ನದು ಧೈರ್ಯವೋ ದುಡುಕೋ?

ಅಮೆರಿಕದ ಚಿನ್ನದ ಗಣಿಯೂರೊಂದರ ಕಥೆ ಹೇಳುವ 'ಡೆಡ್‌ವುಡ್' ಟಿವಿ ಸರಣಿಯ ಮೂರನೆಯ ಭಾಗದಲ್ಲಿ ಷೆರಿಫ್ ಬುಲಕ್ ಗಣಿದೊರೆ ಹರ್ಸ್ಟ್‌ನನ್ನು ಕಿವಿ ಹಿಡಿದು ಎಳೆದೊಯ್ದದ್ದು ಧೈರ್ಯವೋ ದುಡುಕೋ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅದು ದುಡುಕೇ. ನೋಡುವವರಿಗೆ ಹಿತವೆನಿಸುವ ದುಡುಕು ಎಂಬುದು ಬೇರೆ ಮಾತು. ಗಣಿ ಕಾರ್ಮಿಕರ ಕೊಲೆಗಳ ಹಿಂದೆ ಹರ್ಸ್ಟ್ ಇದ್ದಾನೆಂದು ಊರಿಗೆಲ್ಲ ಗೊತ್ತಿದ್ದರೂ ಕಾನೂನು ಅವನನ್ನು ಮುಟ್ಟಲಾರದ ಸ್ಥಿತಿಯಲ್ಲಿ, ಬುಲಕ್ ಅವನನ್ನು ನಡುಬೀದಿಯಲ್ಲಿ ಅವಮಾನಿಸಿ ಸೆರೆಕೋಣೆಗೆ ತಳ್ಳುತ್ತಾನೆ. ಬೆಲೆ ತೆತ್ತವರು ಮಾತ್ರ ಹೆಚ್ಚಾಗಿ ಬೇರೆಯವರು: ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಬಂಟರು ಊರಿಗಿಳಿದರು, ಗಣಿಯೊಡತಿ ಆಲ್ಮಾಳ ಗಂಡ ಎಲ್ಸ್‌ವರ್ತ್ ಕೊಲೆಯಾದ, ಆಲ್ಮಾ ತನ್ನ ಚಿನ್ನದ ಗಣಿಯನ್ನು ಹರ್ಸ್ಟ್‌ನಿಗೇ ಮಾರಬೇಕಾಯಿತು. ಬುಲಕ್ ಷೆರಿಫ್ ಚುನಾವಣೆಯಲ್ಲಿ ಸೋತ. ಇತಿಹಾಸದ ಜಾರ್ಜ್ ಹರ್ಸ್ಟ್ 1877ರಲ್ಲಿ ಪಾಲುದಾರರೊಡನೆ ಹೋಮ್‌ಸ್ಟೇಕ್ ಚಿನ್ನದ ಗಣಿಯನ್ನು ಕೊಂಡು, ಮುಂದೆ ಅಮೆರಿಕದ ಸೆನೆಟರ್ ಕೂಡ ಆದದ್ದರಿಂದ, ಸರಣಿಯು ಅವನನ್ನು ಸೋಲಿಸುವಂತೆಯೂ ಇರಲಿಲ್ಲ.